ಗಂಟೆ ಅಟ್ಟ ಸೇರಿದೆ

ಅಪ್ಪಾ,

ರಿಟೈರಾದಾಗ ನೀವು ಸ್ಕೂಲಿನಿಂದ ತಂದ ಗಂಟೆಯನ್ನು ಅಟ್ಟಕ್ಕೆ ಹಾಕಿದ್ದೇನೆ. ಏಣಿ ಹತ್ತಿ ಹುಡುಕಬೇಡಿ, ಆಮೇಲೆ ಮಂಡಿ ನೋವು ಅಂತ ನರಳುವವರು ನೀವೇ.

ಲ್ಯಾಬಿನಿಂದ ನಾನು ಬರುವುದು ಮೂರಕ್ಕೆ. ಊಟ ಮುಚ್ಚಿಟ್ಟಿದ್ದೇನೆ, ಬಿ.ಪಿ. ಮಾತ್ರೆ ಪಕ್ಕದಲ್ಲೇ ಇದೆ.

ಗುಬ್ಬಿಯನ್ನು ಎಬ್ಬಿಸಬೇಡಿ. ಸ್ಕೂಲಿಗೆ ಕಳಿಸದೆ ಮನೆಯಲ್ಲೇ ಓದಿಸುವುದರಿಂದ ಮಗುವಿಗೆ ಸಿಕ್ಕಿರುವ ಸುಖಗಳಲ್ಲಿ ನಿದ್ದೆಯೂ ಒಂದು. ಎದ್ದ ಮೇಲೆ ಕಿಟಕಿ ಪರದೆಗೆ ಬಟ್ಟೆ ಅಳೆಯುತ್ತಾಳೆ, ಅದೇ ಇವತ್ತಿನ ಗಣಿತ. ತಪ್ಪು ಅಳೆದರೆ ಅಳೆಯಲಿ, ನೀವು ಬಾಯಿ ಹಾಕಬೇಡಿ. ಪರದೆ ಗಿಡ್ಡವಾದರೆ ಅವಳಿಗೇ ಗೊತ್ತಾಗುತ್ತದೆ. "ಶಿಸ್ತು ಬೇಡ್ವೇನಮ್ಮಾ" ಅಂತ ಮತ್ತೆ ಶುರು ಮಾಡಬೇಡಿ, ಕೇಳಿ ಕೇಳಿ ಸಾಕಾಗಿದೆ.

ನಿನ್ನೆ ಅಡುಗೆಮನೆಯಲ್ಲಿ ನೀರಿನ ಲೋಟದ ಮುಂದೆ ಕೈ ಎತ್ತಿಕೊಂಡು ನಿಂತಿದ್ದಳು. ಏನೇ ಇದು ಅಂದೆ. "ಕುಡೀಬಹುದಾ ಅಂತ ಮೊದಲು ಕೇಳ್ಬೇಕಂತೆ, ತಾತ ಹೇಳಿದ್ರು" ಅಂದಳು. ಮೈಯೆಲ್ಲ ಉರಿದುಹೋಯಿತು.

ನಿಮ್ಮ ಕ್ಲಾಸಿನಲ್ಲಿ ಕೂತ ಐದು ವರ್ಷವೂ ನಾನು ನಿಮ್ಮನ್ನು ಸರ್ ಅಂದೆ. ಮನೆಗೆ ಬಂದ ಮೇಲೂ ಅಪ್ಪ ಅನ್ನಲು ಬಾಯಿ ಬರುತ್ತಿರಲಿಲ್ಲ. ಅವಳಿಗಾದರೂ ನೀವು ತಾತನಾಗಿಯೇ ಉಳಿಯಿರಿ.