ಕೆಳಗಿನ ಗುಂಡಿಗೆ ಕೆಂಪು ದಾರ

ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಕಾನಹೊಸಹಳ್ಳಿ
18-8-2003, ಸೋಮವಾರ

ಪಂಪಾಳ ಅಪ್ಪನವರ ಪಾದಗಳಿಗೆ ಮರುಳಸಿದ್ದಮ್ಮ ಮಾಡುವ ನಮಸ್ಕಾರಗಳು.

ಇಂದು ಶ್ರಾವಣದ ಮೂರನೆಯ ಸೋಮವಾರ, ನನ್ನದು ಒಪ್ಪತ್ತು. ಬೆಳಕು ಹರಿಯುವ ಮೊದಲು ಎದ್ದು ಅಂಗಳಕ್ಕೆ ಸಗಣಿ ನೀರು ಹಾಕಿದೆ, ರಂಗೋಲಿ ಎಳೆದೆ, ಎಮ್ಮೆ ಹಿಂಡಿದೆ, ಪಂಪಾಗೆ ರೊಟ್ಟಿ, ಪುಂಡಿಪಲ್ಯ ಮಾಡಿ ಶಾಲೆಗೆ ಕಳಿಸಿದೆ. ದೇವರ ಜಗಲಿಯ ಮುಂದೆ ಕುಳಿತು ವಿಭೂತಿ ಹಚ್ಚಿಕೊಂಡು ಏಳುವಾಗ ತಲೆ ಅರಳೆಯ ಹಾಗೆ ಹಗುರವಾಗಿತ್ತು. ಇಂಥ ಹೊತ್ತಿನಲ್ಲಿ ನಿಜ ಬರೆಯುವುದು ಸುಲಭ ಅನ್ನಿಸಿತು. ನಿಮ್ಮ ಹೊಲಿಗೆ ಮಿಷಿನ್ನಿನ ಹಲಗೆಯ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ. ರೂಢಿಯ ಮೇಲೆ ಕಾಲು ತಾನಾಗಿ ಪೆಡಲು ತುಳಿಯುತ್ತದೆ, ಅಕ್ಷರ ಅಲುಗುತ್ತವೆ. ಸಾವರಿಸಿಕೊಂಡು ಓದಿ.

ನೀವು ಮನೆ ಬಿಟ್ಟ ಆರು ವರ್ಷಕ್ಕೆ ಈ ಕಾಗದ. ನೀವು ಹಿರೇಹಡಗಲಿಯಲ್ಲಿ ಇದ್ದೀರೆಂದು ನನಗೆ ಹೇಗೆ ತಿಳಿಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ನನ್ನ ಸುದ್ದಿ. ನಾನು ಶಾಲೆಗೆ ಹೋಗುತ್ತಿದ್ದೇನೆ. ನಗಬೇಡಿ.

ಕೊಟ್ಟೂರಿನಲ್ಲಿ ಕುಡಿತ ಬಿಡಿಸುವ ಕೇಂದ್ರ ಒಂದು ಆಗಿದೆ. ಕುಡಿಯುವವರ ಜೊತೆ, ಅವರ ಮನೆಯವರ ಜೊತೆ ಕುಳಿತು ಮಾತಾಡಿ ಆಸರೆಯಾಗುವ ಕೆಲಸಕ್ಕೆ ಜನ ಬೇಕು, ಮೂರು ತಿಂಗಳ ತರಬೇತಿ ಕೊಟ್ಟು ಸರ್ಟಿಫಿಕೇಟು ಕೊಡುತ್ತೇವೆ ಎಂದು ಬಸ್ ಸ್ಟ್ಯಾಂಡಿನ ಗೋಡೆಗೆ ಹಚ್ಚಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಕುಡಿತವನ್ನು ಮನೆಯೊಳಗೇ ಕಂಡವರಿಗೆ ಏಳನೆಯ ತರಗತಿ ಸಾಕು. ಪಂಪಾ ಆ ಕಡೆಯ ಸಾಲನ್ನು ಎರಡು ಸಲ ಓದಿದಳು. "ಅವ್ವಾ, ಇದು ನಿನಗಂತನ ಬರದಂಗ ಐತಿ" ಅಂದಳು. "ಸುಮ್ನಿರಲೇ, ಐವತ್ತಕ್ಕ ಬಿದ್ದಾಕಿ ಪಾಟಿಚೀಲ ಹೊತ್ಕಂಡು ಹೋಗ್ಲೇನು" ಅಂದೆ. ಬಸ್ಸು ಬಂತು. ಹತ್ತಿ ಕುಳಿತ ಮೇಲೆ, "ನನ್ನ ಹಳೇ ಚೀಲ ಕೊಡ್ತೀನಿ ತಗ" ಅಂದಳು. ಮಾತಿನಲ್ಲಿ ನಿಮ್ಮ ಮಗಳೇ.

ಟಿ.ಸಿ. ತರಲು ತವರಿನ ಶಾಲೆಗೆ ಹೋದೆ. ಹೆಡ್ ಮಾಸ್ತರರು ಹಳೆಯ ರಿಜಿಸ್ಟರಿನ ಧೂಳು ಕೊಡವಿ ನನ್ನ ಹೆಸರಿನ ಮೇಲೆ ಬೆರಳಿಟ್ಟರು. "ನಡತಿ ಒಳ್ಳೇದು ಅಂತ ಬರದಾರ ನೋಡ್ರೀ ಅಮ್ಮ. ಈಗ್ಲೂ ಹಂಗೇ ಬರೀಲೇನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಿಮ್ಮ ವಿಷಯದಲ್ಲಿ ನನ್ನ ನಡತೆ ಒಳ್ಳೆಯದಿತ್ತೇ ಎಂಬ ಮುಳ್ಳು ಅಲ್ಲಿಂದಲೇ ಆಡತೊಡಗಿತು.

ತರಗತಿಯಲ್ಲಿ ಹದಿನಾಲ್ಕು ಜನ. ಕಲಿಸುವವರು ಬಳ್ಳಾರಿಯ ದುರುಗಮ್ಮ ಮೇಡಂ. ಕುಡಿತವೂ ಸಕ್ಕರೆ ಕಾಯಿಲೆಯ ಹಾಗೆ ಒಂದು ಕಾಯಿಲೆ, ಬೈದರೆ ಹೋಗುವುದಿಲ್ಲ ಎಂದು ಮೊದಲ ದಿನವೇ ಹೇಳಿದರು. ಬಹಳ ವರ್ಷ ಕುಡಿದವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗುತ್ತವೆ, ಇಲ್ಲದ್ದು ಕಾಣಿಸುತ್ತದೆ, ಫಿಟ್ಸೂ ಬರಬಹುದು, ಅವರನ್ನು ಡಾಕ್ಟರ ಕೈಗೆ ಕೊಡಬೇಕು ಅಂದರು. ನಾನು ಪುಸ್ತಕದಲ್ಲಿ ಬರೆದುಕೊಂಡೆ. ನಿಮ್ಮ ಕೈ ನಡುಗಿದ್ದನ್ನು ನಾನು ಬೇರೆಯದೇ ರೀತಿ ಓದಿಕೊಂಡಿದ್ದೆ.

ಆಣೆ ಮಾಡಿಸಿದ ಆ ಸೋಮವಾರ ನಿಮಗೂ ಮರೆತಿರಲಿಕ್ಕಿಲ್ಲ. ಹಿಂದಿನ ದಿನ ಪೂರ್ತಿ ನಿಮ್ಮನ್ನು ಮನೆಯಿಂದ ಹೊರಗೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಕೊಟ್ಟೂರೇಶ್ವರನ ಗುಡಿಗೆ ಕರೆದೊಯ್ದು, ತಲೆಗೆ ನೀರು ಹಾಕಿಸಿ, ಹಣೆಗೆ ವಿಭೂತಿ ಬಳಿದು, ಎಂಟು ವರ್ಷದ ಪಂಪಾಳನ್ನು ಮುಂದೆ ನಿಲ್ಲಿಸಿದೆ. ಹರಕೆ ಹೊತ್ತು ಪಡೆದ ಕೂಸು ಅದು. ಅವಳ ತಲೆಯ ಮೇಲೆ ನಿಮ್ಮ ಕೈ ಇಡಿಸಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿದೆ. ನಮ್ಮ ಸೀಮೆಯಲ್ಲಿ ಎಲ್ಲ ಹೆಂಗಸರೂ ಹಾಗೇ ಮಾಡಿಸುತ್ತಾರೆ, ನಾನೂ ಮಾಡಿಸಿದೆ. ನಾಲ್ಕು ದಿನ ನೀವು ತಡೆದಿರಿ. ಗೋಡೆಯಲ್ಲಿ ಇರುವೆ ಕಾಣಿಸುತ್ತವೆ ಅಂದಿರಿ. ನಾನು ದೇವರ ಹೆಸರು ಹೇಳಿ ಸುಮ್ಮನಿರಿಸಿದೆ. ಐದನೆಯ ದಿನ ಸಾರಾಯಿ ಅಂಗಡಿಗೆ ಹೋದಿರಿ. ಅದೇ ಸಂಜೆ ಪಂಪಾ ಜ್ವರ ನೆತ್ತಿಗೇರಿ ಬಡಬಡಿಸತೊಡಗಿದಳು.

ಬಾಗಿಲಲ್ಲಿ ನಿಂತು ನಾನು ಅಂದ ಮಾತು ಇದು: "ಕೂಸಿನ ತಲಿ ಮ್ಯಾಲ ಕೈ ಇಟ್ಟು ಸುಳ್ಳಾಡಿದ್ರಿ. ನಿಮ್ಮ ನೆಳ್ಳು ಬಿದ್ರ ಇದು ಉಳಿಯಂಗಿಲ್ಲ." ಒಂದು ಅಕ್ಷರವನ್ನೂ ಬದಲಿಸದೆ ಬರೆದಿದ್ದೇನೆ. ನಿಮ್ಮ ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಜೋತಾಡುತ್ತಿತ್ತು. ಹೋದವರು ಹೋದಿರಿ. ಇಪ್ಪತ್ತೊಂದು ದಿನಕ್ಕೆ ಜ್ವರ ಇಳಿಯಿತು. ಟೈಫಾಯ್ಡ್ ಎಂದು ಡಾಕ್ಟರು ಹೇಳಿದರು. ಅವನು ಹೋದದ್ದಕ್ಕೇ ಕೂಸು ಉಳಿಯಿತು ಎಂದು ಊರು ಹೇಳಿತು. ನಾನು ಊರಿನ ಮಾತು ಹಿಡಿದೆ.

ಈಗ ತರಗತಿಯ ಎರಡು ಕುರ್ಚಿಗಳ ವಿಷಯ. ಒಂದು ಮಧ್ಯಾಹ್ನ ಮೇಡಂ ಎರಡು ಕುರ್ಚಿ ಎದುರುಬದುರು ಹಾಕಿಸಿದರು. ಒಂದರಲ್ಲಿ ಕುಡಿಯುವವನು ಕೂರಬೇಕು, ಇನ್ನೊಂದರಲ್ಲಿ ಅವನ ಹೆಂಡತಿ. ಚೀಟಿ ಎತ್ತಿದಾಗ ಕುಡಿಯುವವನ ಕುರ್ಚಿ ನನಗೆ ಬಂತು, ಹೆಂಡತಿಯ ಕುರ್ಚಿ ಅಂಜಿನೇಯಲು ಎಂಬುವನಿಗೆ. ಅವನು ಲಾರಿ ಡ್ರೈವರ್, ಕುಡಿತ ಬಿಟ್ಟು ಮೂರು ವರ್ಷ ಆಗಿದೆ. ಬಿಟ್ಟವರೂ ಈ ಕೆಲಸಕ್ಕೆ ಬೇಕೆಂದು ಮೇಡಂ ಸೇರಿಸಿಕೊಂಡಿದ್ದಾರೆ. ನಿಜವಾದ ಹೆಸರು ಬಳಸಬಾರದು, ಅದು ನಿಯಮ. ನನಗೆ ಸುಂಕಪ್ಪ ಎಂದು ಹೆಸರಿಟ್ಟರು. ಅಂಜಿನೇಯಲು ಟವೆಲನ್ನು ಸೆರಗಿನ ಹಾಗೆ ತಲೆಗೆ ಹೊದ್ದು, "ಮೇಡಂ, ನನ್ನ ಗಂಡಗ ಮೀಸೀನ ಇಲ್ಲಲ್ರೀ" ಅಂದ. "ಕುಡುದು ಕುಡುದು ಉದುರ್ಯಾವು, ನೀ ಮಾತು ಶುರು ಮಾಡು" ಅಂದೆ ನಾನು. ಎಲ್ಲರೂ ನಕ್ಕರು.

ಆಮೇಲೆ ನಗು ನಿಂತಿತು. ಅವನು ತನ್ನ ಹೆಂಡತಿ ಆಡಿದ ಮಾತುಗಳನ್ನೇ ಆಡುತ್ತಿದ್ದ, ನನಗೆ ಮಾತ್ರ ನನ್ನ ದನಿ ಕೇಳಿಸಿತು. "ಏಳ್ರಿ, ಗುಡಿಗೆ ನಡೀರಿ. ಮಗಳ ತಲಿ ಮುಟ್ಟಿ ಆಣಿ ಮಾಡ್ರಿ. ಕೈ ಯಾಕ ನಡಗತಾವು? ಮನಸಿನಾಗ ಕಳ್ಳ ಕುಂತಾನ, ಅದಕ್ಕ ನಡಗತಾವು."

ನಾನು ಉತ್ತರ ಕೊಡಬೇಕಿತ್ತು. ಆವತ್ತೂ ನನಗೆ ಒಪ್ಪತ್ತು. ಕಿಟಕಿಯಾಚೆಯ ಬೇವಿನ ನೆರಳು ನೆಲದ ಮೇಲೆ ನೀರಿನಂತೆ ಆಡುತ್ತಿತ್ತು. ಆ ನೀರಿನ ತಳದಲ್ಲಿ ನಾನು ಕೂತಿದ್ದೇನೆ, ನಿಮ್ಮ ಅಂಗಿ ತೊಟ್ಟಿದ್ದೇನೆ, ಮಡಿಲಲ್ಲಿರುವ ಕೈಗಳು ನಿಮ್ಮವು ಅನ್ನಿಸಿತು. ಅವು ನಿಜಕ್ಕೂ ನಡುಗುತ್ತಿದ್ದವು. ಎಲ್ಲೋ ದೂರದಲ್ಲಿ ನಮ್ಮ ಮಿಷಿನ್ನಿನ ಸದ್ದು. ನೀವು ಹೋದ ಮೇಲೆ ಎಷ್ಟೋ ಸಲ ನಿದ್ದೆಯಲ್ಲಿ ಆ ಸದ್ದು ಕೇಳಿ ಎದ್ದಿದ್ದೇನೆ. ಕುರ್ಚಿಯಲ್ಲಿ ಕೂತ ನನಗೆ ಒಂದೇ ಒಂದು ಆಸೆ ಇತ್ತು, ಎದುರಿಗಿರುವ ಈ ಹೆಂಗಸು ಬೈಯುವುದನ್ನು ಬಿಟ್ಟು, ನೀರು ಬೇಕೇ ಎಂದು ಕೇಳಲಿ ಎಂದು. ತಲೆ ತಗ್ಗಿಸಿದೆ. ಆಗ ಎದುರಿಗಿದ್ದ ಅಂಜಿನೇಯಲುವಿನ ಅಂಗಿಯ ಎಲ್ಲಕ್ಕೂ ಕೆಳಗಿನ ಗುಂಡಿ ಕಣ್ಣಿಗೆ ಬಿತ್ತು. ಬಿಳಿಯ ಅಂಗಿ, ಬಿಳಿಯ ದಾರ. ಆ ಒಂದು ಗುಂಡಿಗೆ ಮಾತ್ರ ಕೆಂಪು ದಾರ.

ಕನಸಿನಲ್ಲಿ ಗುರುತಿಲ್ಲದ ಊರಿನ ಓಣಿಯೊಳಗೆ ನಮ್ಮ ಮನೆಯ ಬಾಗಿಲು ಕಂಡ ಹಾಗಾಯಿತು. ತೊಟ್ಟವರಿಗೆ ದೃಷ್ಟಿ ತಾಗಬಾರದೆಂದು ಕಡೆಯ ಗುಂಡಿಗೆ ಕೆಂಪು ದಾರ ಹಾಕುವ ಟೇಲರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ.

ನಾನು ಅಳುತ್ತಿದ್ದೇನೆಂದು ಮೇಡಂ ಆಟ ನಿಲ್ಲಿಸಿದರು. ಆಮೇಲೆ ಎಲ್ಲರಿಗೂ ಹೇಳಿದರು: "ಆಣಿ ಮಾಡಿಸಿದ್ರ ಕುಡಿತ ನಿಂದ್ರಂಗಿಲ್ಲ. ಮನುಷ್ಯ ಮನಿಗೆ ಬರೋದು ನಿಂದ್ರತೈತಿ." ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಬೇಕಾಗಲಿಲ್ಲ.

ಮೂರು ದಿನ ಬಿಟ್ಟು ಅಂಜಿನೇಯಲುವನ್ನು ಕೇಳಿದೆ, ಈ ಅಂಗಿ ಯಾರು ಹೊಲಿದರು ಎಂದು. ಲಾರಿಗೆ ಈರುಳ್ಳಿ ತುಂಬಲು ಹೋದಾಗ ಹಿರೇಹಡಗಲಿಯಲ್ಲಿ ಹೊಲಿಸಿದ್ದೆ ಅಂದ. "ಛಲೋ ಕೈ ಐತ್ರೀ ಆತಂದು. ಎರಡು ವರ್ಷ ಆತು, ಬಾಯಿಗೆ ಹನಿ ಹಾಕಿಲ್ಲಂತ. ಮಾತು ಮಾತ್ರ ಕಾಜದ ತೂತಿನಷ್ಟು. ಗುಡಿ ಮುಂದ ಹಾದು ಹೋಗಂಗಿಲ್ಲ, ಹಿಂದಿನ ಓಣಿ ಹಿಡೀತಾನ. ಇನ್ನೊಂದು ವಿಚಿತ್ರ ಕೇಳ್ರಿ. ಹುಡುಗ್ರ ಅಂಗಿ ಹೊಲೀತಾನ, ಆದ್ರ ಅಳತಿಗಂತ ಹುಡುಗ್ರನ್ನ ಮುಟ್ಟಂಗಿಲ್ಲ. ಹಳೇ ಅಂಗಿ ತಗಂಬರ್ರಿ ಅಂತಾನ."

ಅವನು ನಗುತ್ತ ಹೇಳಿದ, ನನ್ನ ಮುಖ ನೋಡಿ ನಿಲ್ಲಿಸಿದ. ನೀವು ಯಾರೆಂದು ನಾನು ಹೇಳಲಿಲ್ಲ, ಅವನು ಕೇಳಲಿಲ್ಲ. ಅಲ್ಲಿ ಕಲಿಸುವ ಪಾಠದಲ್ಲಿ ಅದೂ ಒಂದು.

ಹೋದ ಸೋಮವಾರ ಕೊಟ್ಟೂರೇಶ್ವರನಿಗೆ ತಪ್ಪುಕಾಣಿಕೆ ಕೊಟ್ಟು ಬಂದೆ. ಆಣೆ ಮಾಡಿಸಿದವಳು ನಾನು, ಕಾಯಿಲೆಯವನ ಕೈಯಿಂದ ಮಾಡಿಸಿದೆ, ಅದನ್ನು ನನ್ನ ಸೆರಗಿಗೆ ವಾಪಸು ಹಾಕು ಎಂದು ಬಾಯಿಬಿಟ್ಟು ಬೇಡಿದೆ. ಕಾಯಿ ಸರಿಯಾಗಿ ಎರಡು ಹೋಳಾಯಿತು. ಇನ್ನು ನೀವು ಮುಂದಿನ ಓಣಿಯಲ್ಲೇ ನಡೆಯಿರಿ.

ಈಗ ನನ್ನ ಬೇಡಿಕೆ. ಸೆಪ್ಟೆಂಬರ್ ಒಂದಕ್ಕೆ ನಮಗೆ ಕಡೆಯ ಪರೀಕ್ಷೆ. ತಾನು ಕಂಡ ಒಂದು ಮನೆಯ ಕಥೆಯನ್ನು ಎಲ್ಲರ ಮುಂದೆ ನಿಂತು ಹತ್ತು ನಿಮಿಷ ಹೇಳಬೇಕು, ಎಲ್ಲಿ ತಪ್ಪಾಯಿತು, ಏನು ಮಾಡಬೇಕಿತ್ತು ಎಂದು. ಹೆಸರು ಬರುವುದಿಲ್ಲ. ಆದರೂ ಆ ಮನುಷ್ಯ ಬದುಕಿದ್ದರೆ ಅವನ ಒಪ್ಪಿಗೆ ಬರಹದಲ್ಲಿ ಇರಬೇಕು. ನನಗೆ ಗೊತ್ತಿರುವುದು ಒಂದೇ ಮನೆ. ನೀವು ಬೇಡ ಅಂದರೆ ನಾನು ಹೇಳುವುದಿಲ್ಲ; ಸರ್ಟಿಫಿಕೇಟು ಸಿಗುವುದಿಲ್ಲ, ಕೇಂದ್ರದಲ್ಲಿ ಹೆಂಗಸರ ಜೊತೆ ಕೂರುವ ಕೆಲಸವೂ ಬೇರೆಯವರಿಗೆ ಹೋಗುತ್ತದೆ. ಹೋಗಲಿ. ಒಮ್ಮೆ ನಿಮ್ಮ ಕೈ ಹಿಡಿದು ಎಳೆದು ದೇವರ ಮುಂದೆ ನಿಲ್ಲಿಸಿದ್ದೇನೆ. ಇನ್ನೊಮ್ಮೆ ಕೇಳದೆ ಎಲ್ಲಿಯೂ ನಿಲ್ಲಿಸುವುದಿಲ್ಲ. ಆದರೆ ಗುಡಿಯ ಬಾಗಿಲಲ್ಲಿ ಗಂಡಂದಿರ ಕೈ ಹಿಡಿದು ಎಳೆಯುವ ಹೆಂಗಸರನ್ನು ಪ್ರತಿ ಸೋಮವಾರ ನೋಡುತ್ತೇನೆ. ಅವರಲ್ಲಿ ಒಬ್ಬಳಿಗಾದರೂ ಹೇಳಬೇಕೆಂಬ ಆಸೆ ಬಹಳ ಇದೆ.

ಈ ಕಾಗದವನ್ನು ಅಂಜಿನೇಯಲು ತಂದುಕೊಡುತ್ತಾನೆ. ಹೌದು ಎಂದಾಗಲಿ, ಬೇಡ ಎಂದಾಗಲಿ ಎರಡು ಸಾಲು ಬರೆದಿಡಿ. ಬರುವ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ನನ್ನ ಕಡೆಯವರು ಬಂದು ಉತ್ತರ ತರುತ್ತಾರೆ. ದಯಮಾಡಿ ಅವರನ್ನು ಬರಿಗೈಯಲ್ಲಿ ಕಳಿಸಬೇಡಿ.

ನಿಮ್ಮ ಆರೋಗ್ಯ ಬೇಡುವ
ಮರುಳಸಿದ್ದಮ್ಮ

ತಾ.ಕ.: ಸಹಿ ಹಾಕಿ ಮಡಿಚಿದೆ, ಮತ್ತೆ ಬಿಚ್ಚಿದೆ. ಪರೀಕ್ಷೆಯಲ್ಲಿ ಹೇಳಬೇಕಾದ ಕಥೆಯ ಅರ್ಧವನ್ನು ಮೇಲೆ ಬರೆದಿಲ್ಲ. ಆಣೆಯ ಹಿಂದಿನ ಸಂಜೆಯೇ ಪಂಪಾಳ ಮೈ ಬಿಸಿಯಿತ್ತು. ಬೆಳಿಗ್ಗೆ ತಲೆ ಮುಟ್ಟಿದರೆ ಕಾದ ಹಂಚು. ಆ ಸೋಮವಾರ ತಪ್ಪಿದರೆ ನೀವು ಮತ್ತೆ ಒಪ್ಪಲಾರಿರಿ ಎಂದು ತಣ್ಣೀರು ಬಟ್ಟೆಯಲ್ಲಿ ಒರೆಸಿ ಗುಡಿಗೆ ಕರೆತಂದೆ. ನಡುಗುವ ನಿಮ್ಮ ಕೈಗೆ ಅದು ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು. ಆ ಜ್ವರ ನಿಮ್ಮ ಆಣೆಗಿಂತ ಒಂದು ದಿನ ಹಿರಿಯದು. ಇಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತ ಪಂಪಾಗೆ ಇದನ್ನೂ, ಬಾಗಿಲಲ್ಲಿ ನಾನು ಅಂದ ಮಾತನ್ನೂ ಹೇಳಿದೆ. ಅವಳು ಒಂದೇ ಕೇಳಿದಳು: "ಅಂದ್ರ ಅಪ್ಪ ನನ್ನ ಉಳಸಾಕ ಹೋಗ್ಯಾನೇನು?"

ಭಾನುವಾರ ಉತ್ತರಕ್ಕೆ ಬರುವವಳು ಅವಳೇ. ನಾನು ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಕೂತಿರುತ್ತೇನೆ, ನಿಮಗೆ ಮನಸ್ಸಿಲ್ಲದಿದ್ದರೆ ಈ ಕಡೆ ಬರಬೇಡಿ. ಅವಳು ಈಗ ಒಂಬತ್ತನೆಯ ತರಗತಿ, ನನ್ನ ಭುಜ ದಾಟಿದ್ದಾಳೆ, ಹೊಸ ಯೂನಿಫಾರಂ ಹೊಲಿಸಬೇಕು. ಹಳೆಯ ಅಂಗಿ ಕೊಟ್ಟು ಕಳಿಸುತ್ತಿಲ್ಲ. ಅಳತೆ ನೀವೇ ತೆಗೆದುಕೊಳ್ಳಿ.