ಅಪ್ಪನ ಲ್ಯಾಪ್‌ಟಾಪಿನಲ್ಲಿದ್ದ ಹಾಡು

ಅಕ್ರಾ, ಗುರುವಾರ

ಪ್ರೀತಿಯ ಅಪ್ಪನಿಗೆ,

ಊರಿಗೆ ಬರುವ ಕ್ಪಾಂಡೊ ಬಸ್ಸಿನ ಡ್ರೈವರ್ ಕೊಮ್ಲಾ ಕೈಯಲ್ಲಿ ನಿಮ್ಮ ಲ್ಯಾಪ್‌ಟಾಪ್ ಕಳಿಸಿದ್ದೇನೆ. ಮೊದಲು ಈ ಕಾಗದ ಓದಿ.

ಇಲ್ಲಿನ ರಿಪೇರಿ ಅಂಗಡಿಯಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿದ ಮೇಲೆ ಅದು ಶುರುವಾಗಲೇ ಇಲ್ಲ. ಕಪ್ಪು ಪರದೆಯಲ್ಲಿ ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಫೋನಿನಲ್ಲಿ ಹೇಳಿದಾಗ ನೀವು, "ಮಷೀನ್ ಹೋದ್ರೆ ಹೋಗ್ಲಿ ಮಗಳೇ, ನನ್ನ ಹಾಡು ಉಳಿಸ್ಕೊಡು" ಅಂದಿರಿ. ಆ ದನಿ ಕೇಳಿ ಹೆದರಿದೆ. ಅಂಗಡಿಯವನು, "ಎಲ್ಲಾ ಅಳಿಸ್ಬಿಟ್ಟು ಮತ್ತೆ ಹಾಕೋಣ ಅಕ್ಕಾ" ಅಂದ. ನಾನು ಒಪ್ಪದೆ ಮನೆಗೆ ತಂದು, ಸೆಟ್ಟಿಂಗ್ ತೆರೆದು ನೋಡಿದೆ. ಸಿಸ್ಟಂ ಹಾಕಿದ್ದು ಹೊಸ ರೀತಿಯಲ್ಲಿ, ಯಂತ್ರ ಶುರುವಾಗಲು ನೋಡುತ್ತಿದ್ದುದು ಹಳೆಯ ರೀತಿಯಲ್ಲಿ. ಅದೊಂದನ್ನು ಬದಲಿಸಿದೆ, ಎದ್ದು ಕೂತಿತು. ಹಾಡುಗಳೆಲ್ಲ ಇದ್ದವು.

ಸದ್ದು ಬರುತ್ತದೆಯೇ ಎಂದು ನೋಡಲು ಒಂದನ್ನು ಹಾಕಿದೆ. ನಿಮ್ಮ ಡೋಲಿನ ತಂಡದ್ದು ಇರಬೇಕು ಅಂದುಕೊಂಡಿದ್ದೆ. ಡೋಲಿಲ್ಲ, ತಂಡವಿಲ್ಲ, ನೀವೊಬ್ಬರೇ ಹಾಡುತ್ತಿದ್ದಿರಿ. ಮತ್ತೆ ಮತ್ತೆ ಬರುತ್ತಿದ್ದುದು ಪಕ್ಕದ ಮನೆಯ ಅಕ್ಪೆನೆ ಆಂಟಿಯ ಹೆಸರು. ಪೂರ್ತಿ ಕೇಳಲಿಲ್ಲ, ನಿಲ್ಲಿಸಿದೆ.

ಅಮ್ಮ ಹೋದ ಮೇಲೆ ನೀವು ಒಬ್ಬರೇ ಕೂತು ಹಾಡಿದ್ದನ್ನು ನಾನು ಕೇಳಿರಲಿಲ್ಲ ಅಪ್ಪ.

ಎರಡನೇ ಸಾಲಿನಲ್ಲಿ ಶ್ರುತಿ ಸ್ವಲ್ಪ ಜಾರಿದೆ, ತಿದ್ದಿಕೊಳ್ಳಿ. ಕರೆಂಟು ಹೋಗಿ ಬಂದು ಮಾಡುವಾಗ ಚಾರ್ಜಿಗೆ ಹಾಕಬೇಡಿ. ಆ ಹಾಡನ್ನು ಲ್ಯಾಪ್‌ಟಾಪಿನಲ್ಲಿ ಆಂಟಿಗೆ ಕೇಳಿಸಬೇಡಿ, ಅವರ ಎದುರು ಕೂತು ನೀವೇ ಹಾಡಿ. ಈಸ್ಟರಿಗೆ ಬರುವಾಗ ಅವರಿಗೂ ಬಟ್ಟೆ ತರುತ್ತೇನೆ, ಯಾವ ಬಣ್ಣ ಇಷ್ಟವೆಂದು ಕೇಳಿ ತಿಳಿಸಿ. ಅವರು ಒಪ್ಪಿದರೆ, ಚಿಕ್ಕಮ್ಮ ಎಂದು ಕರೆಯಲು ನನಗೇನೂ ಕಷ್ಟವಿಲ್ಲ.

ನಿಮ್ಮ ಮಗಳು,
ಎಸಿನಮ್