ಹೆಸರಿನ ಮೇಲೆ ಬಳ್ಳಿ

ಅಪ್ಪಾಜಿ,

ನಾನು ಕ್ಷೇಮ ಎಂದು ಬರೆದು ಶುರು ಮಾಡುವುದಿಲ್ಲ. ಆ ಮಾತನ್ನು ನಿಮಗೆ ಬೇಕಾದಷ್ಟು ಸಲ ಹೇಳಿದ್ದೇನೆ, ಪ್ರತಿ ಸಲವೂ ಸುಳ್ಳೇ ಹೇಳಿದ್ದೇನೆ. ಇವತ್ತು ಮಧ್ಯಾಹ್ನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಮತ್ತೆ ಪಡಸಾಲೆಗೆ ಎಷ್ಟು ಸಲ ತಿರುಗಿದೆನೋ. ಹೊಲಿಗೆ ಮಿಷನ್ನಿನ ಮುಂದೆ ಕೂತರೆ ದಾರ ಪೋಣಿಸಲು ಬರುತ್ತಿಲ್ಲ. ಅವ್ವ ನೋಡಿ ನೋಡಿ ಸಾಕಾಗಿ, ಏನಾದರೂ ಕೆಲಸ ಹಿಡಿ, ಇಲ್ಲವಾದರೆ ಹೋಗಿ ಮಲಗು ಎಂದಳು. ಅದಕ್ಕೆ ಕಾಗದ ಹಿಡಿದು ಕೂತಿದ್ದೇನೆ.

ಮದುವೆಗೆ ನಾಲ್ಕು ದಿನ ಇದ್ದಾಗ ನೀವು ಗೋಡೆಗೆ ದಾರ ಹಿಡಿದು ಗೆರೆ ಹೊಡೆದದ್ದು ನೆನಪಿದೆಯಾ? ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಊರೂರು ತಿರುಗಿ ಎಷ್ಟು ಮದುವೆಮನೆಗಳ ಗೋಡೆಗೆ ಗಂಡುಹೆಣ್ಣಿನ ಹೆಸರು ಬರೆದಿದ್ದಿರಿ. ಅವರಿಗೆಲ್ಲ ಹೊರಗೋಡೆಗೆ, ಬಾಗಿಲ ಪಕ್ಕ. ನನಗೆ ಮಾತ್ರ ಪಡಸಾಲೆಯ ಒಳಗೋಡೆಗೆ. ಯಾಕೆ ಅಂತ ಕೇಳಿದ್ದಕ್ಕೆ, "ಹೊರಗೆ ಬರೆದ್ರೆ ಬಿಸ್ಲು ಮಳೆಗೆ ಮಾಸ್ತೈತೆ. ನನ್ನ ಮಗಳದ್ದು ಮಾಸಬಾರ್ದು" ಎಂದಿರಿ. ಅಕ್ಷರದ ಅಂಚು ನೀವು ಎಳೆದಿರಿ, ಒಳಗೆ ಬಣ್ಣ ತುಂಬಿದ್ದು ನಾನು, ಚಿಕ್ಕಂದಿನಿಂದ ತುಂಬುತ್ತಿದ್ದ ಹಾಗೆ. ಅರಿಶಿನ ಹಚ್ಚಿಸಿಕೊಳ್ಳಬೇಕಾದವಳು ಬ್ರಷ್ ಹಿಡಿದು ನಿಂತಿದ್ದಾಳಲ್ಲ ಅಂತ ಅವ್ವ ಬೈದದ್ದೇ ಬೈದದ್ದು. ಎಡಗಡೆ ಅವನ ಹೆಸರು, ಬಲಗಡೆ, ಕಿಟಕಿಯ ಪಕ್ಕ, ಗಿರಿಜಾ. ಅವನ ಹೆಸರಿಗೆ ಕೆಂಪು ತುಂಬುವಾಗ ಒಂದು ಹನಿ ಆಚೆ ಹೋಗದ ಹಾಗೆ ಎಷ್ಟು ಜೋಪಾನ ಮಾಡಿದೆ ನಾನು... ಹೋಗಲಿ ಬಿಡಿ. ಆ ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ಮೊದಲು ಗಂಡನ ಹೆಸರು ಹೇಳಬಾರದು ಅಂತ ಹೇಳುತ್ತಿರಲಿಲ್ಲ, ಈಗ ಹೇಳುವ ಮನಸ್ಸಿಲ್ಲ.

ನೀವು ತೀರಿಹೋಗಿ ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಜಗಳೂರಿನ ಗಂಡನ ಮನೆಯಿಂದ ಚನ್ನಗಿರಿಗೆ ಬಂದಿಳಿದೆ. ಹಬ್ಬಕ್ಕಲ್ಲ. ಕೈಯಲ್ಲಿ ಒಂದು ಬ್ಯಾಗು, ಅಷ್ಟೆ. ಇನ್ನು ಅಲ್ಲಿಗೆ ಹೋಗುವುದಿಲ್ಲ ಅಂತ ಬಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಈಗ ಎರಡು ವರ್ಷವಾಯಿತು, ಕೋರ್ಟಿನ ಕಾಗದವೂ ಕೈಗೆ ಬಂತು. ಅವತ್ತು ಹೊಸಲು ದಾಟಿ ತಲೆ ಎತ್ತಿದರೆ ಎದುರಿಗೆ ಅದೇ ಗೋಡೆ. ಯಾವನಿಂದ ತಪ್ಪಿಸಿಕೊಂಡು ಬಂದೆನೋ ಅವನು ನನಗಿಂತ ಮೊದಲೇ ಬಂದು, ಮೊಳದುದ್ದದ ಅಕ್ಷರವಾಗಿ ನಿಂತಿದ್ದ. ಇನ್ನು ದಿನಾ ಏಳುತ್ತಾ, ಕೂರುತ್ತಾ, ಬ್ಲೌಸು ಹೊಲಿಯುತ್ತಾ ಆ ಹೆಸರನ್ನು ಓದಿಕೊಂಡೇ ಬದುಕಬೇಕಾ?

ಮಾರನೇ ದಿನವೇ, ಗೋಡೆ ಬಳಿದುಬಿಡೋಣ ಎಂದೆ. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ನಿಮ್ಮಪ್ಪಾಜಿ ಕೈ ಇನ್ನೆಲ್ಲೈತೆ ಹೇಳು? ಅಂಗಡಿ ಬೋರ್ಡೆಲ್ಲಾ ಫ್ಲೆಕ್ಸ್ ಆದ್ವು. ಊರಾಗಿನ ಗೋಡೆ ಎಲ್ಲಾ ಬಳ್ಕೊಂಡ್ರು. ಉಳಿದಿರೋದು ಇದೊಂದೇ."

ನೋಡಿ ಅಪ್ಪಾಜಿ, ಅವಳು ಅದರಲ್ಲಿ ನಿಮ್ಮನ್ನು ನೋಡುತ್ತಾಳೆ, ನಾನು ಅವನನ್ನು ನೋಡುತ್ತೇನೆ. ಗೋಡೆ ಒಂದೇ. ಕೊನೆಗೆ, ಬಳಿಯುವುದಿಲ್ಲ, ಗಿಡ ನೇತುಹಾಕಿ ಮುಚ್ಚುತ್ತೇನೆ ಎಂದೆ. ಮೊಳೆ ಹೊಡೆಯಬಾರದು, ಒಂದು ಚೂರೂ ಬಣ್ಣ ಏಳಬಾರದು ಅಂತ ಕರಾರು ಹಾಕಿ ಒಪ್ಪಿದಳು.

ಮೊದಲು ನಾನು ಅಂಗಡಿಯಿಂದ ತಂದದ್ದು ಅಂಟಿಸುವ ಹುಕ್ಕು. ಗೋಡೆಗೆ ಏನೂ ಆಗುವುದಿಲ್ಲ ಅಂತ ಅಂಗಡಿಯವನು ಆಣೆ ಮಾಡಿ ಕೊಟ್ಟಿದ್ದ. ಏನೂ ಆಗದೆ ಇರುತ್ತದೆಯೇ? ಅವನಿಗೆ ನಮ್ಮ ಗೋಡೆ ಗೊತ್ತೇ? ಸುಣ್ಣದ ಮೇಲೆ ಸುಣ್ಣ, ಅದರ ಮೇಲೆ ಡಿಸ್ಟೆಂಪರು. ಪುಣ್ಯಕ್ಕೆ ಅಕ್ಷರವಿಲ್ಲದ ಜಾಗದಲ್ಲಿ ಅಂಟಿಸಿ ನೋಡಿದ್ದೆ. ಎರಡನೇ ದಿನ ಕುಂಡ ನೆಲಕ್ಕೆ ಬಿತ್ತು, ಹುಕ್ಕಿನ ಬೆನ್ನಿಗೆ ಅಂಗೈ ಅಗಲದ ಪದರ ಅಂಟಿಕೊಂಡಿತ್ತು. ಅವ್ವ ಬೈಯಲಿಲ್ಲ. ಆ ಪದರವನ್ನು ಎತ್ತಿ ಮತ್ತೆ ಗೋಡೆಗೆ ಒತ್ತಿ ಹಿಡಿದುಕೊಂಡು ನಿಂತಳು, ಅಂಟುತ್ತದೇನೋ ಅಂತ. ಬೈದಿದ್ದರೇ ವಾಸಿಯಿತ್ತು.

ಎತ್ತರದ ಗೋಡೆಗೆ ಬರೆಯುವಾಗ ನೀವು ಹಲಗೆಗೆ ಹಗ್ಗ ಬಿಗಿದು ತೊಲೆಯಿಂದ ಇಳಿಬಿಡುತ್ತಿದ್ದಿರಲ್ಲ, ಅದು ಆಮೇಲೆ ಹೊಳೆಯಿತು. ಗೋಡೆಯನ್ನು ಮುಟ್ಟಬಾರದು ಅಂದಮೇಲೆ ಗೋಡೆಯ ಗೊಡವೆಯೇ ಯಾಕೆ? ತೊಲೆಗೆ ಎರಡು ಹಗ್ಗ ಕಟ್ಟಿ, ಅಡ್ಡಡ್ಡ ಒಂದು ಬಿದಿರು ಇಳಿಬಿಟ್ಟೆ. ನಿಮ್ಮದೇ ಗಂಟು, ಭಾರ ಬಿದ್ದಷ್ಟೂ ಬಿಗಿಯಾಗುವಂಥದ್ದು. ಕುಂಡ ಕೊಳ್ಳಲಿಲ್ಲ, ನಿಮ್ಮ ಖಾಲಿ ಬಣ್ಣದ ಡಬ್ಬಿಗಳು ಅಟ್ಟದ ಮೇಲೆ ಇದ್ದವಲ್ಲ, ಅವನ್ನೇ ತಿಕ್ಕಿ ತೊಳೆದೆ. ಮಣ್ಣು ಭಾರ ಅಂತ ಅರ್ಧಕ್ಕರ್ಧ ತೆಂಗಿನ ನಾರು ಬೆರೆಸಿದೆ. ಪಕ್ಕದ ಮನೆಯಿಂದ ಮನಿಪ್ಲಾಂಟಿನ ಬಳ್ಳಿ ಬಂತು, ಸಂತೇಬೆನ್ನೂರಿನ ಸೋದರತ್ತೆ ಮನೆಯಿಂದ ದೊಡ್ಡಪತ್ರೆ ಬಂತು. ನೀರು ಗೋಡೆಗೆ ಹನಿಯಬಾರದು ಅಂತ ಒಂದೊಂದು ಡಬ್ಬಿಯನ್ನೂ ಇಳಿಸಿ, ಹಿತ್ತಲಿನಲ್ಲಿ ನೀರು ಹಾಕಿ, ಸೋರುವುದು ನಿಂತ ಮೇಲೆ ಮತ್ತೆ ಏರಿಸುತ್ತಿದ್ದೆ. ಅವನಿಗೆ ಅನ್ನ ಇಕ್ಕುವಾಗಲೂ ಇಷ್ಟು ಹೆದರಿರಲಿಲ್ಲ ನೋಡಿ. ಇಲ್ಲ, ಇದು ಸುಳ್ಳು, ಇದಕ್ಕಿಂತ ಹೆಚ್ಚೇ ಹೆದರಿದ್ದೆ.

ಒಂದು ಮಳೆಗಾಲ ಕಳೆಯುವುದರೊಳಗೆ ಬಳ್ಳಿ ಇಳಿಬಿದ್ದು ಎರಡೂ ಹೆಸರು ಮುಚ್ಚಿಹೋದವು. ಬ್ಲೌಸ್ ಹೊಲಿಸಲು ಬಂದವರೆಲ್ಲ ಗೋಡೆ ನೋಡಿ ಎಷ್ಟು ಚೆಂದ ಐತೆ ಅನ್ನುವವರೇ. ತ್ಯಾವಣಿಗೆಯ ಒಬ್ಬರು ಮೊಳೆಯಿಲ್ಲದೆ ಹೆಂಗೆ ನಿಲ್ಲಿಸಿದಿರಿ ಅಂತ ಫೋಟೋ ಹೊಡೆದುಕೊಂಡು ಹೋದರು. ನನ್ನ ಪಾಡು ನನಗೆ. ಫ್ಯಾನ್ ಹಾಕಿದರೆ ಎಲೆ ಸರಿದು ಅವನ ಹೆಸರಿನ ಒಂದು ಒತ್ತಕ್ಷರ ಇಣುಕುತ್ತಿತ್ತು. ಹಾಗಾಗಿ ಸುಡುಬೇಸಿಗೆಯಲ್ಲೂ ಪಡಸಾಲೆಯಲ್ಲಿ ಫ್ಯಾನ್ ಇಲ್ಲ. ಬಂದವರು ಬೆವರು ಒರೆಸಿಕೊಳ್ಳುತ್ತಾ, ಕರೆಂಟ್ ಇಲ್ವೇನ್ರಿ ಅಂದರೆ, ಗಿಡಕ್ಕೆ ಗಾಳಿ ಆಗಲ್ಲ ಅನ್ನುತ್ತಿದ್ದೆ. ಜಗತ್ತಿನಲ್ಲಿ ಗಾಳಿ ಆಗದ ಗಿಡ ಸಾಕಿದವಳು ನಾನೊಬ್ಬಳೇ ಇರಬೇಕು.

ಪಂಚಮಿಗೆ ಬಂದಿದ್ದೆನಲ್ಲ, ನೀವಿದ್ದ ಕೊನೆಯ ಪಂಚಮಿಗೆ. ಎಲ್ಲರೂ ಒಳಗಿದ್ದಾಗ ನೀವು ನನ್ನನ್ನು ಹಿತ್ತಲಿಗೆ ಕರೆದಿರಿ. ಹೆಂಗಿದೀಯವ್ವ ಎಂದಿರಿ. ಚೆನ್ನಾಗಿದೀನಿ ಅಪ್ಪಾಜಿ ಎಂದೆ. ನಿಜವಾಗ್ಲೂ? ಅಂತ ಇನ್ನೊಂದು ಸಲ ಕೇಳಿದಿರಿ. ನಾನು ನಕ್ಕು, ಇದೇನು ಹಿಂಗೆ ಕೇಳ್ತೀರಿ ಅಂತ ನಿಮ್ಮನ್ನೇ ದಬಾಯಿಸಿದೆ. ಸರಿ ಎಂದಿರಿ, ಒಳಗೆ ಹೋದಿರಿ. ತಿಂಗಳು ತುಂಬುವುದರೊಳಗೆ ಹೊರಟೇ ಹೋದಿರಿ. ಮಗಳು ಸುಖವಾಗಿದ್ದಾಳೆ ಅಂತ ನಂಬಿಕೊಂಡೇ ಹೋದಿರಲ್ಲ, ಅಷ್ಟಾದರೂ ಆಯಿತಲ್ಲ ಅಂತ ನಾನು ಎರಡು ವರ್ಷ ಅದನ್ನೇ ಹಿಡಿದುಕೊಂಡು ಇದ್ದೆ.

ನಿನ್ನೆ ಕಿಟಕಿಯ ಕಡೆಯ ಬಳ್ಳಿ ಒಂದು ನೆಲಕ್ಕೆ ತಾಗುವಷ್ಟು ಉದ್ದ ಬೆಳೆದಿತ್ತು. ಮೇಲಕ್ಕೆ ಸುತ್ತಿ ಕಟ್ಟೋಣ ಅಂತ ಎಳೆದೆ. ಬರಲಿಲ್ಲ. ಇನ್ನಷ್ಟು ಎಳೆದೆ. ಚರ್ರಂತ ಸದ್ದು ಬಂತು. ಅಪ್ಪಾಜಿ, ಮೊಳೆ ಹೊಡೆಯಲಿಲ್ಲ, ನೀರು ತಾಗಿಸಲಿಲ್ಲ, ಆದರೆ ಬಳ್ಳಿಯೇ ಬೇರು ಬಿಡುತ್ತದೆ ಅನ್ನುವುದು ನನ್ನ ತಲೆಗೆ ಹೋಗಿರಲಿಲ್ಲ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು, ಬೆಳಕಿದ್ದ ಕಡೆ ಗೋಡೆಯನ್ನು ಕಚ್ಚಿ ಕೂತಿತ್ತು. ಬಳ್ಳಿಯ ಜೊತೆ ಗೋಡೆಯ ಪದರವೂ ಕಿತ್ತು ಬಂತು. ಯಾವುದು ಹೋಯಿತು ಅಂತೀರಿ? ನನ್ನ ಹೆಸರು. ಜಾ ಪೂರ್ತಿ ಹೋಯಿತು, ರಿ ಅರ್ಧ ಹೋಯಿತು. ಕತ್ತಲಲ್ಲಿದ್ದ ಅವನ ಹೆಸರಿಗೆ ಒಂದು ಗೀರೂ ಇಲ್ಲ, ನಿನ್ನೆ ಬರೆದ ಹಾಗೆ ಫಳಫಳ ಹೊಳೆಯುತ್ತಿದೆ. ನನಗೆ ಎಂಥಾ ರೋಷ ಬಂತೆಂದರೆ, ಕೈಗೆ ಸಿಕ್ಕ ಬಳ್ಳಿಯನ್ನೆಲ್ಲ ಹರಿದು ಹಾಕಿದೆ. ಆಮೇಲೆ ಅವ್ವನ ನೆನಪಾಗಿ ಕೈಯಲ್ಲಿದ್ದುದನ್ನು ಕೆಳಗೆ ಬಿಟ್ಟೆ.

ಅವ್ವ ಬಂದು ನೋಡಿದಳು. ನಾನು ಅಳುತ್ತಾ, ಅವರ ಅಕ್ಷರ ನಾನೇ ಹಾಳು ಮಾಡಿಬಿಟ್ಟೆ ಎಂದೆ. ಅವಳು ನೆಲದಲ್ಲಿ ಬಿದ್ದಿದ್ದ ಕೆಂಪು ಚೂರುಗಳನ್ನು ಸೆರಗಿಗೆ ಆರಿಸಿಕೊಂಡಳು.

"ನಿಮ್ಮಪ್ಪಾಜಿಗೆ ಗೊತ್ತಿತ್ತು ಕಣೆ" ಎಂದಳು.

ಆಮೇಲೆ ಒಂದೊಂದಾಗಿ ಹೇಳಿದಳು. ಆ ಪಂಚಮಿಗೂ ಮೊದಲು ಜಗಳೂರಿನ ಕಡೆ ಯಾವುದೋ ಮದುವೆಮನೆಯ ಗೋಡೆ ಬರೆಯಲು ಹೋದ ನೀವು, ನನಗೆ ಅಂತ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಅಲ್ಲಿನ ನಮ್ಮ ಮನೆಯ ಬಾಗಿಲವರೆಗೂ ಬಂದಿದ್ದಿರಂತೆ. ಒಳಗೆ ತಟ್ಟೆ ಬಿದ್ದ ಸದ್ದು, ಅವನ ಬೈಗುಳ, ಹೊಡೆತದ ಸದ್ದು, ನಾನು ತಪ್ಪಾಯ್ತು ತಪ್ಪಾಯ್ತು ಅನ್ನುತ್ತಿದ್ದದ್ದು, ಎಲ್ಲ ಕೇಳಿಸಿತಂತೆ. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿ ಬಂದುಬಿಟ್ಟಿರಂತೆ. ಪೊಟ್ಟಣ ವಾಪಸ್ ಯಾಕೆ ಬಂತು ಅಂತ ಅವ್ವ ಕೇಳಿದ್ದಕ್ಕೆ ಮಕ್ಕಳ ಹಾಗೆ ಅತ್ತಿರಂತೆ. ಮಗಳು ನನ್ನೆದುರು ತಲೆ ತಗ್ಗಿಸಬಾರದು, ಅವಳೇ ಬಾಯಿಬಿಟ್ಟು ಹೇಳಲಿ, ಹೇಳಿದ ದಿನವೇ ಕರೆತರುತ್ತೇನೆ ಎಂದಿರಂತೆ. ಮಾರನೇ ದಿನ ಪೇಟೆಗೆ ಹೋಗಿ ಒಂದು ಡಬ್ಬಿ ಬಿಳಿ ಪ್ರೈಮರ್ ತಂದು ಮಂಚದ ಕೆಳಗೆ ಇಟ್ಟಿರಂತೆ.

"ಗಿರಿಜಾ ಅವನ್ನ ಬಿಟ್ಟು ಬಂದು ಹೊಸ್ಲು ದಾಟೋದ್ರೊಳಗೆ ಆ ಗೋಡೆ ಬೆಳ್ಳಗಾಗಿರ್ಬೇಕು ಅಂದಿದ್ರು. ನನಗೆ ಬಳಿಯಾಕೆ ಮನಸ್ಸಾಗ್ಲಿಲ್ಲ ಕಣೆ. ಅವರೂ ಹೋದ್ರು, ಅವರ ಅಕ್ಷರನೂ ಹೋದ್ರೆ ನನಗೇನೈತೆ ಅಂತ..."

ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿಮ್ಮ ಮೇಲೆ ಬಂತು. ಇನ್ನೂ ಇಳಿದಿಲ್ಲ. ಹಿತ್ತಲಿನಲ್ಲಿ ನಿಂತು ಹೆಂಗಿದೀಯವ್ವ ಎಂದಿರಲ್ಲ, ಎಲ್ಲ ಗೊತ್ತಿದ್ದೂ ಕೇಳಿದಿರಲ್ಲ! ನಾನು ನಿಮಗೆ ನೋವಾಗಬಾರದು ಅಂತ ಸುಳ್ಳು ಹೇಳಿದೆ, ನೀವು ನನಗೆ ನಾಚಿಕೆಯಾಗಬಾರದು ಅಂತ ನಂಬಿದ ಹಾಗೆ ನಟಿಸಿದಿರಿ. ಇಬ್ಬರೂ ಎಂಥಾ ಮರ್ಯಾದಸ್ಥರು ನೋಡಿ. ಆ ಮರ್ಯಾದೆಗೆ ನಾನು ಅಲ್ಲಿ ಇನ್ನೂ ನಾಲ್ಕು ತಿಂಗಳು ಇದ್ದೆ. ಆ ನಾಲ್ಕು ತಿಂಗಳ ಕಥೆ ನಿಮಗೆ ಬೇಡ.

ಇವತ್ತು ಬೆಳಿಗ್ಗೆ ಅವ್ವನೇ ಮಂಚದ ಕೆಳಗಿನ ಆ ಡಬ್ಬಿ ಎಳೆದು ತಂದಳು. ಮೇಲೆ ಗಟ್ಟಿ ಕೆನೆ ಕಟ್ಟಿತ್ತು. ಕೆನೆ ತೆಗೆದು, ಟರ್ಪೆಂಟೈನ್ ಬೆರೆಸಿ, ಲೈನಿಂಗ್ ಬಟ್ಟೆಯಲ್ಲಿ ಸೋಸಿದೆ. ಬಿದಿರಿನಲ್ಲಿ ಉಳಿದಿದ್ದ ಡಬ್ಬಿಗಳನ್ನೆಲ್ಲ ಇಳಿಸಿದೆವು. ಅವನ ಹೆಸರಿಗೆ ಮರಳು ಕಾಗದ ಹಾಕಿ ಉಜ್ಜುವಾಗ ತೋಳು ಬಿದ್ದುಹೋಗುವ ಹಾಗಾಯಿತು, ಆದರೂ ಬಿಡಲಿಲ್ಲ. ಹಲ್ಲು ಕಚ್ಚಿ ಉಜ್ಜಿದೆ. ಆಮೇಲೆ ಬಳಿದೆ. ನನ್ನ ಹೆಸರಿನಲ್ಲಿ ಉಳಿದಿದ್ದ ಅರ್ಧವನ್ನೂ ಬಳಿದೆ. ಕೆಳಗಿನ ಮೂಲೆಗೆ ಬರುವಾಗ ಅವ್ವ, ಇರು ಎಂದಳು. ಅಲ್ಲಿ ನಿಮ್ಮ ರುಜು ಇತ್ತು, ಹೆಬ್ಬೆರಳಷ್ಟು ಚಿಕ್ಕದಾಗಿ, ಆರ್ಟಿಸ್ಟ್ ಬಸಣ್ಣ, ಚನ್ನಗಿರಿ ಅಂತ. ಅವ್ವ ನೆಲಕ್ಕೆ ಕೂತು ಅದರ ಮೇಲೆ ಅಂಗೈ ಮುಚ್ಚಿದಳು. ಈಗ ಬಳಿ ಎಂದಳು. ನಾನು ಅವಳ ಬೆರಳುಗಳ ಸುತ್ತ ಬಳಿದೆ. ಅವಳ ಕೈಯೆಲ್ಲ ಬಿಳಿಯಾಯಿತು, ನಿಮ್ಮ ರುಜುವಿಗೆ ಒಂದು ಹನಿಯೂ ತಾಗಲಿಲ್ಲ.

ಈಗ ಹಳದಿ ಗೋಡೆಯ ನಡುವೆ ದೊಡ್ಡ ಬಿಳಿ ತೇಪೆ ಒಣಗುತ್ತಿದೆ. ಒಂದು ಕೈ ಸಾಲದು, ಕೆಂಪು ಇನ್ನೂ ಸಣ್ಣಗೆ ಒಳಗಿನಿಂದ ಇಣುಕುತ್ತಿದೆ, ನಾಳೆ ಇನ್ನೊಂದು ಕೈ ಹೊಡೆಯುತ್ತೇನೆ. ಬಿದಿರನ್ನು ಗೋಡೆಯಿಂದ ಒಂದು ಗೇಣು ಈಚೆಗೆ ತಂದು ಗಿಡ ಮತ್ತೆ ನೇತುಹಾಕುತ್ತೇನೆ, ವಾರಕ್ಕೊಮ್ಮೆ ಬಳ್ಳಿ ಕತ್ತರಿಸುತ್ತೇನೆ, ನಿಮ್ಮ ರುಜುವಿನವರೆಗೆ ಒಂದು ಎಲೆಯೂ ಇಳಿಯದ ಹಾಗೆ ನೋಡಿಕೊಳ್ಳುತ್ತೇನೆ. ಅವ್ವನನ್ನೂ ನೋಡಿಕೊಳ್ಳುತ್ತೇನೆ, ಅದನ್ನು ಬೇರೆ ಹೇಳಬೇಕಾ? ಇಷ್ಟೆಲ್ಲ ಆದರೂ ನನಗೆ ಕೂರಲು ಆಗುತ್ತಿಲ್ಲ ಅಪ್ಪಾಜಿ. ಜಗಳೂರಿನ ಆ ಬಾಗಿಲೇ ಕಣ್ಣ ಮುಂದೆ ಬರುತ್ತದೆ. ಆಚೆ ನೀವು, ಈಚೆ ನಾನು. ತಟ್ಟಬೇಕಿತ್ತು ನೀವು. ಗಿರಿಜಾ ಅಂತ ಒಂದೇ ಒಂದು ಸಲ ಕೂಗಿದ್ದರೆ, ಚಪ್ಪಲಿಯನ್ನೂ ಹುಡುಕದೆ ಬಂದು ನಿಮ್ಮ ಗಾಡಿಯ ಹಿಂದೆ ಕೂತುಬಿಡುತ್ತಿದ್ದೆ.

ನಿಮ್ಮ ಮಗಳು,
ಗಿರಿಜಾ